ಮನೆತನಗಳನ್ನು ಮೈದಾನಕ್ಕೆ ಕರೆತಂದ ಪಾಂಡಂಡ ಕುಟ್ಟಪ್ಪ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ನಮಗೆ ತೆಂಗಿನಕಾಯಿ ಎಂದರೆ ಲೆಕ್ಕ. ಈ ಸಲ ಅಟ್ಟಕ್ಕೆ ಎಷ್ಟು ಸಾವಿರ ಏರಿಸಿದಿರಿ, ಕೊಬ್ಬರಿ ಕ್ವಿಂಟಾಲಿಗೆ ಎಷ್ಟು ನಡೆಯುತ್ತಿದೆ, ಮಗಳ ಮದುವೆ ಈ ವರ್ಷವೋ ಮುಂದಿನ ವರ್ಷವೋ ಎಂಬುದೆಲ್ಲ ಆ ಲೆಕ್ಕದಿಂದಲೇ ತೀರ್ಮಾನವಾಗುತ್ತದೆ. ಆದರೆ ಕೊಡಗಿನಲ್ಲಿ ಅದೇ ತೆಂಗಿನಕಾಯಿಗೆ ಇನ್ನೊಂದು ಕೆಲಸವಿದೆ ಎಂಬುದು ನಿಮಗೆ ಗೊತ್ತೇ? ಸೆಪ್ಟೆಂಬರ್ ತಿಂಗಳ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಎತ್ತರದ ಮರದ ತುದಿಗೆ ತೆಂಗಿನಕಾಯಿ ಕಟ್ಟಿ, ಕೆಳಗೆ ನಿಂತು ಕೋವಿಯಿಂದ ಗುರಿಯಿಟ್ಟು ಹೊಡೆಯುತ್ತಾರೆ. ಕಾಯಿ ಒಡೆದವನಿಗೆ ಬಹುಮಾನ. ನಮ್ಮ ಕಡೆಯ ಹಿರಿಯರು ಇದನ್ನು ಕೇಳಿದರೆ, 'ಒಳ್ಳೆ ಕಾಯಿ ಹಾಳು ಮಾಡ್ತಾರಲ್ಲ' ಎಂದು ಮೊದಲು ಗೊಣಗಿಯಾರು!

ಹಬ್ಬ ಬಂದರೆ ಆಟ ಇರಲೇಬೇಕು ಎಂಬುದು ಆ ಗುಡ್ಡಗಾಡಿನ ರೂಢಿ. ಕೊಡವರಲ್ಲಿ ಒಂದೊಂದು ವಂಶಕ್ಕೂ ಒಂದೊಂದು ಮನೆ ಹೆಸರಿದೆ. ಅದನ್ನು ಒಕ್ಕ ಎನ್ನುತ್ತಾರೆ. ಒಕ್ಕಕ್ಕೆ ಒಂದು ಮೂಲ ಮನೆ ಇರುತ್ತದೆ, ಅದು ಐನ್‌ಮನೆ. ಮಕ್ಕಳು ಸೈನ್ಯಕ್ಕೆ ಸೇರಲಿ, ಬೆಂಗಳೂರಿಗೆ ಹೋಗಲಿ, ಹೊರದೇಶದಲ್ಲಿ ನೆಲೆಸಲಿ, ಹೆಸರಿನ ಮುಂದೆ ಒಕ್ಕದ ಹೆಸರು ಇದ್ದೇ ಇರುತ್ತದೆ. ಭಾರತ ಹಾಕಿ ತಂಡದ ನಾಯಕರಾಗಿದ್ದ ಎಂ.ಎಂ. ಸೋಮಯ್ಯ ಅವರ ಮೊದಲ 'ಎಂ' ಮನೆಯಪಂಡ ಒಕ್ಕದ್ದು. ಇನ್ನೊಬ್ಬ ನಾಯಕ ಎಂ.ಪಿ. ಗಣೇಶ್ ಅವರ 'ಎಂ' ಮೊಳ್ಳೇರ ಒಕ್ಕದ್ದು. ನಾವು ಇಷ್ಟು ವರ್ಷ ಪತ್ರಿಕೆಯ ಕ್ರೀಡಾ ಪುಟದಲ್ಲಿ ಆ ಅಕ್ಷರಗಳನ್ನು ಓದಿದರೂ ಅದರ ಹಿಂದೆ ಒಂದು ಮನೆ ಇದೆ ಎಂದು ಯೋಚಿಸಿದ್ದಿಲ್ಲ.

ಈ ಅಕ್ಷರಗಳ ಹಿಂದಿನ ಮನೆಗಳನ್ನೇ ಒಂದೊಂದು ಹಾಕಿ ತಂಡವಾಗಿಸಿದವರು ಪಾಂಡಂಡ ಕುಟ್ಟಪ್ಪ. ಊರವರ ಬಾಯಲ್ಲಿ ಕುಟ್ಟಣಿ. 2020ರಲ್ಲಿ ಅವರು ತೀರಿಕೊಂಡರು. ಅವರು ಒಲಿಂಪಿಕ್ಸ್ ಆಡಿದವರಲ್ಲ, ಮಂತ್ರಿಯಾಗಿದ್ದವರಲ್ಲ, ದೊಡ್ಡ ಶ್ರೀಮಂತರೂ ಅಲ್ಲ. ಬ್ಯಾಂಕ್ ನೌಕರಿ ಮಾಡಿದವರು, ಹಾಕಿ ಪಂದ್ಯಗಳಿಗೆ ರೆಫರಿಯಾಗಿ ದುಡಿದವರು. ಇಂಥವರೊಬ್ಬರ ಬಗ್ಗೆ ತೆಂಗಿನ ಸೀಮೆಯಲ್ಲಿ ಕುಳಿತು ಯಾಕೆ ಬರೆಯಬೇಕು ಎಂದು ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಓದಿ, ಉತ್ತರ ನಿಮಗೇ ಸಿಗುತ್ತದೆ.

ಕೊಡಗಿಗೆ ಹಾಕಿ ಬಂದದ್ದು ಬ್ರಿಟಿಷರ ಕಾಲದಲ್ಲಿ, ಹೆಚ್ಚಾಗಿ ಶಾಲೆ ಮತ್ತು ಸೈನ್ಯದ ದಾರಿಯಿಂದ. ಬಂದ ಆಟ ಅಲ್ಲಿಯ ಮಣ್ಣಿಗೆ ಹೊಂದಿಕೊಂಡಿತು. ಒಂದು ಪುಟ್ಟ ಜಿಲ್ಲೆ ದೇಶದ ತಂಡಕ್ಕೆ ಕೊಟ್ಟ ಆಟಗಾರರನ್ನು ನೋಡಿ: 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ಗಣೇಶ್ ಮತ್ತು ಬಿ.ಪಿ. ಗೋವಿಂದ ಇದ್ದರು. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕರು ಗಣೇಶ್. 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದಾಗ ಗೋವಿಂದ ತಂಡದಲ್ಲಿದ್ದರು. 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದ ಸೋಮಯ್ಯ 1988ರ ಸಿಯೋಲ್‌ನಲ್ಲಿ ನಾಯಕರು. ಅವರ ನಂತರ ಎ.ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಹೀಗೆ ಪಟ್ಟಿ ಬೆಳೆಯುತ್ತದೆ.

ಆದರೆ ಆಟದ ಭಾಗ್ಯ ಬದಲಾಗಿತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹುಲ್ಲಿನ ಬದಲು ಕೃತಕ ಹಾಸಿನ ಮೇಲೆ ಹಾಕಿ ನಡೆಯಿತು. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೆಯ ಸ್ಥಾನಕ್ಕೆ ಕುಸಿಯಿತು. ಕೃತಕ ಹಾಸು ಹಾಕಲು ಬಹಳ ಹಣ ಬೇಕು, ಅದಕ್ಕೆ ನೀರುಣಿಸಲು ಇನ್ನಷ್ಟು. ಶಾಲೆಯ ಮಣ್ಣಿನ ಮೈದಾನದಲ್ಲಿ ಕಲಿತ ಹಳ್ಳಿ ಹುಡುಗರಿಗೆ ಆಟ ದೂರವಾಯಿತು. 1983ರಲ್ಲಿ ಕ್ರಿಕೆಟ್ ವಿಶ್ವಕಪ್ ನಮ್ಮ ದೇಶಕ್ಕೆ ಬಂತು. ಟಿ.ವಿ. ಮನೆ ಮನೆಗೆ ಬಂತು. ಹಾಕಿ ಸ್ಟಿಕ್ ಹಿಡಿಯುವ ಕೈಗೆ ಬ್ಯಾಟು ಬಂತು. ನಮ್ಮ ಊರುಗಳಲ್ಲಿ ಕಬಡ್ಡಿ, ಚಿನ್ನಿದಾಂಡುಗಳಿಗೆ ಏನಾಯಿತೋ ಕೊಡಗಿನಲ್ಲಿ ಹಾಕಿಗೂ ಅದೇ ಆಗುವ ಹಾಗಿತ್ತು.

ಅದರ ಜೊತೆಗೆ ಇನ್ನೊಂದು ಸಂಗತಿ. ಕೊಡವರ ಸಂಖ್ಯೆ ಕಡಿಮೆ. ಮಕ್ಕಳು ಓದಿಗೆ, ಕೆಲಸಕ್ಕೆ ಎಂದು ಊರು ಬಿಟ್ಟರು. ಐನ್‌ಮನೆಗಳು ಎಷ್ಟೋ ಕಡೆ ಬೀಗ ಕಂಡವು. ಒಂದೇ ಒಕ್ಕದ ಮೂರನೆಯ ತಲೆಮಾರಿನ ಮಕ್ಕಳು ಬೆಂಗಳೂರಿನ ಒಂದೇ ಬಸ್ಸಿನಲ್ಲಿ ಎದುರುಬದುರು ಕುಳಿತರೂ ಪರಿಚಯವಿಲ್ಲದ ಸ್ಥಿತಿ. ಈ ಎರಡು ನಷ್ಟಗಳು, ಆಟದ್ದು ಮತ್ತು ಮನೆತನದ್ದು, ಬೇರೆಬೇರೆ ಎಂದೇ ಎಲ್ಲರೂ ಎಣಿಸಿದ್ದರು. ಎರಡಕ್ಕೂ ಒಂದೇ ಮದ್ದು ಎಂದು ಕಂಡದ್ದು ಕುಟ್ಟಪ್ಪನವರಿಗೆ.

1997ರಲ್ಲಿ ವಿರಾಜಪೇಟೆ ಕಡೆಯ ಕರಡ ಗ್ರಾಮದಲ್ಲಿ ಅವರು ತಮ್ಮ ಸಹೋದರ ಕಾಶಿಯವರ ಜೊತೆ ಸೇರಿ ಒಂದು ಪಂದ್ಯಾವಳಿ ಏರ್ಪಡಿಸಿದರು. ನಿಯಮ ಒಂದೇ: ತಂಡ ಊರಿನದ್ದಲ್ಲ, ಕ್ಲಬ್ಬಿನದ್ದಲ್ಲ, ಕಂಪೆನಿಯದ್ದಲ್ಲ. ಒಂದು ಮನೆತನ, ಒಂದು ತಂಡ. ಮೊದಲ ವರ್ಷ 60 ಕುಟುಂಬಗಳು ಬಂದವು. ಪಾಂಡಂಡ ಕುಟುಂಬವೇ ಆತಿಥ್ಯ ವಹಿಸಿತು, ಕಪ್ಪಿಗೂ ಅದೇ ಹೆಸರು. ಮುಂದಿನ ವರ್ಷ ಕೋಡಿರ ಕುಟುಂಬ ಹೊಣೆ ಹೊತ್ತು ಕಡಂಗದಲ್ಲಿ ನಡೆಸಿತು. ಹೀಗೆ ವರ್ಷಕ್ಕೊಂದು ಕುಟುಂಬ, ಅದರ ಹೆಸರಿನ ಕಪ್, ಒಮ್ಮೆ ನಾಪೋಕ್ಲು, ಒಮ್ಮೆ ಮಡಿಕೇರಿ, ಒಮ್ಮೆ ಪೊನ್ನಂಪೇಟೆ, ಒಮ್ಮೆ ವಿರಾಜಪೇಟೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಕ್ಲಬ್ಬಿನ ತಂಡಕ್ಕೆ ಚೆನ್ನಾಗಿ ಆಡುವ ಹನ್ನೊಂದು ಮಂದಿ ಸಾಕು. ಆದರೆ ಕುಟುಂಬದ ತಂಡಕ್ಕೆ ಹನ್ನೊಂದು ಮಂದಿ ಸಿಗುವುದೇ ಕಷ್ಟ. ಆಗ ಏನು ಮಾಡಬೇಕು? ಮುಂಬಯಿಯಲ್ಲಿರುವ ಚಿಕ್ಕಪ್ಪನ ಮಗನಿಗೆ ಫೋನು ಮಾಡಬೇಕು. ನಿವೃತ್ತ ಸುಬೇದಾರ್ ದೊಡ್ಡಪ್ಪನನ್ನು ಗೋಲಿನ ಮುಂದೆ ನಿಲ್ಲಿಸಬೇಕು. ಕಾಲೇಜಿನಲ್ಲಿ ಆಡುವ ಹುಡುಗಿಯನ್ನು ಮುಂದಿನ ಸಾಲಿಗೆ ಕರೆಯಬೇಕು. ಹೌದು, ಈ ಪಂದ್ಯಗಳಲ್ಲಿ ಗಂಡಸರು, ಹೆಂಗಸರು, ಮಕ್ಕಳು, ಮುದುಕರು ಒಂದೇ ತಂಡದಲ್ಲಿ ಆಡುತ್ತಾರೆ. ದೇಶಕ್ಕೆ ಆಡಿದ ಆಟಗಾರ ಶಾಲೆಯ ಹುಡುಗನಿಗೆ ಚೆಂಡು ಕೊಡುತ್ತಾನೆ. ಅಜ್ಜ ಮೊಮ್ಮಗ ಒಂದೇ ಬಣ್ಣದ ಅಂಗಿ ತೊಟ್ಟು ಮೈದಾನಕ್ಕೆ ಇಳಿಯುತ್ತಾರೆ. ತಂಡ ಕಟ್ಟುವ ನೆಪದಲ್ಲಿ ಮಾತು ಬಿಟ್ಟಿದ್ದ ದಾಯಾದಿಗಳು ಕೂಡ ಮಾತಾಡಲೇಬೇಕಾಗುತ್ತದೆ.

ಕುಟ್ಟಪ್ಪನವರ ಜಾಣತನ ಇದರಲ್ಲಿದೆ ಎಂದು ನನಗೆ ಅನಿಸುತ್ತದೆ. 'ಕುಟುಂಬಗಳು ಒಂದಾಗಬೇಕು' ಎಂದು ಭಾಷಣ ಮಾಡಿದ್ದರೆ ಜನ ತಲೆಯಾಡಿಸಿ ಊಟ ಮಾಡಿ ಹೋಗುತ್ತಿದ್ದರು. 'ಹಾಕಿ ಉಳಿಸಿ' ಎಂದು ಮೆರವಣಿಗೆ ಮಾಡಿದ್ದರೆ ಮರುದಿನದ ಪತ್ರಿಕೆಯಲ್ಲಿ ಒಂದು ಫೋಟೋ ಬರುತ್ತಿತ್ತು. ಅವರು ಎರಡನ್ನೂ ಮಾಡದೆ ಒಂದು ಪಂದ್ಯದ ಪಟ್ಟಿ ಹಾಕಿದರು. ಆ ಪಟ್ಟಿಯಲ್ಲಿ ಪಕ್ಕದ ಮನೆತನದ ಹೆಸರಿದ್ದು ನಮ್ಮ ಹೆಸರಿಲ್ಲ ಎಂದರೆ ಯಾವ ಅಜ್ಜಿ ಸುಮ್ಮನಿರುತ್ತಾಳೆ ಹೇಳಿ! ರೆಫರಿಯಾಗಿ ದುಡಿದವರಿಗೆ ಜನರನ್ನು ಗೆರೆಯೊಳಗೆ ತರುವ ಕಲೆ ಗೊತ್ತಿರುತ್ತದೆ.

ಕೆಲವೇ ವರ್ಷಗಳಲ್ಲಿ ಕುಟುಂಬಗಳ ಸಂಖ್ಯೆ ಇನ್ನೂರು ದಾಟಿತು, ಆಮೇಲೆ ಮುನ್ನೂರು. ಕಾಫಿ ಕೊಯ್ಲು ಮುಗಿದು, ಹೂಮಳೆ ಬಿದ್ದು, ಶಾಲೆಗೆ ರಜೆ ಬರುವ ಏಪ್ರಿಲ್-ಮೇ ತಿಂಗಳುಗಳಲ್ಲಿ ಸುಮಾರು ಒಂದು ತಿಂಗಳು ಪಂದ್ಯಗಳು ನಡೆಯುತ್ತವೆ. ಗಾಳಿಯಲ್ಲಿ ಗುಂಡು ಹಾರಿಸಿ ಆರಂಭ. ತಾತ್ಕಾಲಿಕ ಗ್ಯಾಲರಿ, ಊಟದ ಅಂಗಡಿಗಳು, ಧ್ವನಿವರ್ಧಕದಲ್ಲಿ ಕೊಡವ ಭಾಷೆಯ ವೀಕ್ಷಕ ವಿವರಣೆ. ಹೊರಗೆ ನೆಲೆಸಿದವರು ರಜೆಯನ್ನು ಈ ದಿನಗಳಿಗೇ ಉಳಿಸಿಕೊಳ್ಳುತ್ತಾರೆ. ಲಿಮ್ಕಾ ದಾಖಲೆ ಪುಸ್ತಕದಲ್ಲಿ ಇದರ ಹೆಸರು ಸೇರಿತು. ಉತ್ಸವ ಪ್ರತಿ ವರ್ಷ ಕ್ರಮವಾಗಿ ನಡೆಯುವಂತೆ ನೋಡಿಕೊಳ್ಳಲು ಕೊಡವ ಹಾಕಿ ಅಕಾಡೆಮಿ ಇದೆ.

ಸೋತವರು ಹೊರಗೆ ಎಂಬ ಪದ್ಧತಿಯ ಪಂದ್ಯಾವಳಿ ಇದು. ಹಾಗಾದರೆ ಲೆಕ್ಕ ಹಾಕಿ. ಬಂದ ಕುಟುಂಬಗಳಲ್ಲಿ ಅರ್ಧದಷ್ಟು ತಮ್ಮ ಮೊದಲ ಪಂದ್ಯದಲ್ಲೇ ಸೋತು ಹೋಗುತ್ತವೆ. ದುಬಾರಿ ಟಿಕೆಟ್ ಕೊಟ್ಟು ದೂರದಿಂದ ಬಂದು, ಒಂದು ಗಂಟೆಯೂ ಆಡದೆ ಸೋತು, ಮತ್ತೆ ಮುಂದಿನ ವರ್ಷ ಬರುತ್ತಾರೆ ಎಂದರೆ ಅವರು ಬರುವುದು ಕಪ್ಪಿಗಾಗಿ ಅಲ್ಲ ಎಂದಾಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ಮೈದಾನದ ಅಂಚಿನಲ್ಲಿ ಕುಳಿತು, 'ಇವನು ಯಾರ ಮಗ? ಇವಳು ಯಾವ ಮನೆಗೆ ಸೊಸೆಯಾಗಿ ಹೋದವಳು?' ಎಂದು ಹಿರಿಯರು ವಿಚಾರಿಸಿಕೊಳ್ಳುವುದಿದೆಯಲ್ಲ, ಆ ಮಾತುಕತೆಗಾಗಿ ಬರುತ್ತಾರೆ. ಮದುವೆಯ ಸಂಬಂಧಗಳೂ ಅಲ್ಲೇ ಕುದುರುವುದುಂಟು.

ಆಟದ ಇತಿಹಾಸ ಕಾಪಾಡುವುದು ಎಂದರೆ ಲೋಕಕ್ಕೆ ಮೊದಲು ನೆನಪಾಗುವುದು ಸ್ಕಾಟ್ಲೆಂಡಿನ ಗಾಲ್ಫ್. ಅಲ್ಲಿಯ ಸೇಂಟ್ ಆಂಡ್ರೂಸ್ ಎಂಬ ಸಣ್ಣ ಊರಿನಲ್ಲಿ ಟಾಮ್ ಮಾರಿಸ್ ಎಂಬ ಹಿರಿಯರಿದ್ದರು. 1821ರಲ್ಲಿ ಹುಟ್ಟಿ 1908ರಲ್ಲಿ ತೀರಿಕೊಂಡರು. ಓಪನ್ ಚಾಂಪಿಯನ್‌ಷಿಪ್ ನಾಲ್ಕು ಸಲ ಗೆದ್ದವರು, ಆಮೇಲೆ ದಶಕಗಳ ಕಾಲ ಆ ಊರಿನ ಮೈದಾನದ ಹುಲ್ಲು ನೋಡಿಕೊಂಡವರು. ಅವರ ಮಗನೂ ನಾಲ್ಕು ಸಲ ಗೆದ್ದ. ಆದರೆ 24ರ ಹರೆಯದಲ್ಲೇ, 1875ರಲ್ಲಿ, ತಂದೆಯ ಕಣ್ಣೆದುರು ತೀರಿಹೋದ. ಈ ತಂದೆ ಮಗನ ಸಮಾಧಿ ನೋಡಲು ಇಂದಿಗೂ ಗಾಲ್ಫ್ ಆಡುವವರು ಹುಡುಕಿಕೊಂಡು ಹೋಗುತ್ತಾರೆ. ಆ ಊರಿನಲ್ಲಿ ಗಾಲ್ಫಿಗೆಂದೇ ವಸ್ತು ಸಂಗ್ರಹಾಲಯವೂ ಇದೆ. ಹಳೆಯ ಕೋಲು, ಗರಿ ತುಂಬಿದ ತೊಗಲಿನ ಚೆಂಡು ಎಲ್ಲವನ್ನೂ ಗಾಜಿನ ಹಿಂದೆ ಇಟ್ಟಿದ್ದಾರೆ.

ಗಾಲ್ಫ್ ನಮ್ಮ ರಾಜ್ಯಕ್ಕೂ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದದ್ದು 1876ರಲ್ಲಿ. ಕೋಲಾರದ ಚಿನ್ನದ ಗಣಿಗಳಲ್ಲಿಯೂ ಬ್ರಿಟಿಷ್ ಅಧಿಕಾರಿಗಳು ಗಾಲ್ಫ್ ಮೈದಾನ ಮಾಡಿಕೊಂಡಿದ್ದರು. ಆದರೂ ಆ ಆಟ ಬೇಲಿಯ ಒಳಗೇ ಉಳಿಯಿತು. ರಸ್ತೆಯಲ್ಲಿ ಹೋಗುವವರು ಇಣುಕಿ ನೋಡಿದರು, ಹಳ್ಳಿಯ ಹುಡುಗರು ಬೇರೆಯವರ ಚೀಲ ಹೊತ್ತರು. ಹಾಕಿಯೂ ಅದೇ ಬ್ರಿಟಿಷರ ಜೊತೆ ಬಂದದ್ದು. ಅದು ಶಾಲೆಯ ಮೈದಾನಕ್ಕೆ ಇಳಿದು ಮನೆಯ ಆಟವಾಯಿತು. ಸ್ಕಾಟ್ಲೆಂಡಿನವರು ಮಾಡಿದ ಕೆಲಸ ದೊಡ್ಡದೇ, ಅದರಲ್ಲಿ ಅನುಮಾನವಿಲ್ಲ. ಆದರೆ ನಮ್ಮ ಕುಟ್ಟಪ್ಪನವರ ಸಂಗ್ರಹಾಲಯಕ್ಕೆ ಗಾಜಿನ ಕಪಾಟು ಬೇಕಾಗಲಿಲ್ಲ. ವರ್ಷಕ್ಕೊಮ್ಮೆ ಅದು ತಾನಾಗಿ ಬಸ್ಸು ಹತ್ತಿ ಊರಿಗೆ ಬರುತ್ತದೆ, ಬೆವರುತ್ತದೆ, ಜಗಳವಾಡುತ್ತದೆ, ಊಟ ಮಾಡಿ ಹೋಗುತ್ತದೆ.

ಅವರ ದಾರಿ ಅವರ ಸಮುದಾಯಕ್ಕಷ್ಟೇ ಸೀಮಿತವಾಗಲಿಲ್ಲ ಎಂಬುದನ್ನೂ ಹೇಳಬೇಕು. ಕೊಡಗಿನ ಗೌಡ ಕುಟುಂಬಗಳು ಇದೇ ಮಾದರಿಯಲ್ಲಿ ಮನೆತನಗಳ ಕ್ರಿಕೆಟ್ ಆರಂಭಿಸಿದವು. ಕೊಡವ ಭಾಷೆಯಾಡುವ ಮುಸ್ಲಿಂ ಕುಟುಂಬಗಳು ಅಲ್ಲಿ ಬಹಳ ಕಾಲದಿಂದ ಇವೆ. ಅವರಿಗೂ ಕೊಡವರ ಹಾಗೆಯೇ ಮನೆ ಹೆಸರುಗಳಿವೆ. ಅವರೂ ಆ ಹೆಸರಿನಲ್ಲಿ ತಂಡ ಕಟ್ಟಿ ಪಂದ್ಯ ಆಡುತ್ತಾರೆ. ಒಬ್ಬರು ಹಚ್ಚಿದ ದೀಪದಿಂದ ಪಕ್ಕದ ಮನೆಯವರು ಬತ್ತಿ ಹೊತ್ತಿಸಿಕೊಂಡ ಹಾಗೆ.

ಈಗ ನಮ್ಮ ಸೀಮೆಗೆ ಬನ್ನಿ. ನಮ್ಮಲ್ಲಿ ಕುಟುಂಬ ಪೂರ್ತಿ ಸೇರುವುದು ಯಾವಾಗ? ಒಂದು ಮದುವೆಗೆ, ಇನ್ನೊಂದು ಮಯ್ಯಿತ್‌ಗೆ. ಮೂರನೆಯದು ತೋಟ ಭಾಗ ಮಾಡುವ ದಿನ, ಆ ದಿನದ ಮಾತನ್ನು ಇಲ್ಲಿ ಬರೆಯುವುದು ಬೇಡ. ತಿಪಟೂರಿನಿಂದ ರೈಲು ಹತ್ತಿ ಬೆಂಗಳೂರಿಗೆ ಹೋದ ಹುಡುಗರು ಅಲ್ಲೇ ನೆಲೆಸಿದರು. ನುಸಿ ಪೀಡೆ, ಬರ, ಬತ್ತಿದ ಬೋರ್‌ವೆಲ್, ಏಳುಬೀಳಿನ ಕೊಬ್ಬರಿ ಬೆಲೆ, ಇವೆಲ್ಲ ಕಂಡ ಮೇಲೆ ಅವರನ್ನು ದೂರುವುದೂ ಸರಿಯಲ್ಲ. ಚಾಚಾನ ಮಕ್ಕಳು, ಫೂಫಿಯ ಮಕ್ಕಳು ಮೊಬೈಲ್ ಗುಂಪಿನಲ್ಲಿ ಹಬ್ಬದ ಶುಭಾಶಯ ಕಳಿಸುತ್ತಾರೆ. ಎದುರಿಗೆ ಬಂದರೆ ಗುರುತು ಹಿಡಿಯುವುದು ಅನುಮಾನ. ಕಡಿದ ರಕ್ತ ಸಂಬಂಧವನ್ನು ಜೋಡಿಸುವುದು ದೊಡ್ಡ ಪುಣ್ಯ ಎಂದು ನಮ್ಮ ನಾನಿಯರು ಹೇಳುತ್ತಲೇ ಬಂದಿದ್ದಾರೆ. ಹೇಗೆ ಜೋಡಿಸುವುದು ಎಂಬುದಕ್ಕೆ ಮಾತ್ರ ನಮ್ಮ ಬಳಿ ಮದುವೆ ಊಟಕ್ಕಿಂತ ಬೇರೆ ಉಪಾಯ ಇಲ್ಲ.

ಕೊಬ್ಬರಿ ಆಗುವುದು ಹೇಗೆಂದು ನಮಗೆ ಹೊರಗಿನವರು ಹೇಳಿಕೊಡಬೇಕಿಲ್ಲ. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ಎಂಟು ತಿಂಗಳೋ ವರ್ಷವೋ ಕಾಯಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು. ಅವಸರ ಮಾಡಿದರೆ ಕೆಡುತ್ತದೆ. ಇಷ್ಟು ತಾಳ್ಮೆಯ ಬೆಳೆ ಬೆಳೆದ ಜನ ನಾವು. ನಮ್ಮ ಮನೆಗಳಲ್ಲಿ ಹಳೆಯ ಆಟದ ನೆನಪುಗಳು ಬೇಕಾದಷ್ಟಿವೆ. ತೋಟದ ನಡುವೆ ಬಲೆ ಕಟ್ಟಿ ಸಂಜೆ ವಾಲಿಬಾಲ್ ಆಡುತ್ತಿದ್ದವರು, ಗರಡಿಗೆ ಹೋಗಿ ಮಣ್ಣು ಮೆತ್ತಿಕೊಂಡು ಬರುತ್ತಿದ್ದವರು, ಚೌಕಾಬಾರ ಆಡುತ್ತ ಮಧ್ಯಾಹ್ನ ಕಳೆದ ಅಜ್ಜಿಯರು ಇನ್ನೂ ಕೆಲವರು ಉಳಿದಿದ್ದಾರೆ. ಅವರ ಹೆಸರುಗಳನ್ನು ಬರೆದಿಟ್ಟವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದಾರೆಯೇ? ತಂಡದ ಒಂದು ಹಳೆಯ ಫೋಟೋ ಗೋಡೆಯ ಮೇಲಿದ್ದರೆ, ಅದರಲ್ಲಿ ನಿಂತವರು ಯಾರು ಯಾರು ಎಂದು ಹಿಂಬದಿಯಲ್ಲಿ ಬರೆದಿದೆಯೇ? ಈ ವಾರವೇ ಒಮ್ಮೆ ಇಳಿಸಿ ನೋಡಿ.

ಹೆಣ್ಣುಮಕ್ಕಳ ಮಾತು ಬಂದರೆ ನನಗೆ ಇನ್ನಷ್ಟು ಹೇಳಬೇಕೆನಿಸುತ್ತದೆ. ನಮ್ಮ ಕಡೆ ಹುಡುಗಿ ಏಳನೇ ತರಗತಿವರೆಗೆ ಓಡುತ್ತಾಳೆ, ಶಾಲೆಗೆ ಬಹುಮಾನ ತರುತ್ತಾಳೆ. ಆಮೇಲೆ ಅವಳ ಬೂಟು ತಮ್ಮನಿಗೆ. ಕಾರಣ ಕೇಳಿದರೆ, ಜೊತೆಗೆ ಯಾರು ಹೋಗುತ್ತಾರೆ, ಅಪರಿಚಿತರ ನಡುವೆ ಹೇಗೆ ಆಡುವುದು ಎನ್ನುತ್ತಾರೆ. ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕೊಡಗಿನ ಮೈದಾನದಲ್ಲಿ ಆ ಪ್ರಶ್ನೆ ಹುಟ್ಟುವುದೇ ಇಲ್ಲ, ಯಾಕೆಂದರೆ ಅವಳ ಜೊತೆಗೆ ಆಡುತ್ತಿರುವವರು ಅವಳ ಅಪ್ಪ, ಅಣ್ಣ, ದೊಡ್ಡಮ್ಮನೇ. ಮನೆಯೇ ಮೈದಾನಕ್ಕೆ ಬಂದರೆ ಮಗಳು ಮನೆಯಿಂದ ಹೊರಗೆ ಹೋದಳು ಎನ್ನುವುದು ಹೇಗೆ?

ಹಾಗೆಂದು ಅಲ್ಲಿ ಎಲ್ಲವೂ ಹೂವಿನ ಹಾಸಿಗೆ ಎಂದಲ್ಲ. ಆತಿಥ್ಯ ವಹಿಸುವ ಕುಟುಂಬಕ್ಕೆ ಖರ್ಚಿನ ಭಾರ ದೊಡ್ಡದು. ಉತ್ಸವ ಬೆಳೆದಂತೆ ಆಡಂಬರವೂ ಬೆಳೆಯಿತು, ಸರ್ಕಾರದ ನೆರವನ್ನೂ ಕೇಳುವಂತಾಯಿತು. ಮಣ್ಣಿನ ಮೈದಾನದಲ್ಲಿ ಒಂದು ತಿಂಗಳು ಆಡಿದ ಮಾತ್ರಕ್ಕೆ ಒಲಿಂಪಿಕ್ಸ್ ಆಟಗಾರರು ಹುಟ್ಟುವುದಿಲ್ಲ. ಅದಕ್ಕೆ ವರ್ಷಪೂರ್ತಿ ತರಬೇತಿ, ಕೃತಕ ಹಾಸು ಎಲ್ಲ ಬೇಕು. ಆದರೆ ಮಗುವಿಗೆ ಮೊದಲ ಸ್ಟಿಕ್ ಕೊಡುವುದು ಯಾರು? ಆ ಕೆಲಸವನ್ನು ಸರ್ಕಾರ ಮಾಡಲಾರದು, ಮನೆಯೇ ಮಾಡಬೇಕು.

2018ರಲ್ಲಿ ನಾಪೋಕ್ಲುವಿನಲ್ಲಿ ಕುಲ್ಲೇಟಿರ ಕಪ್ ನಡೆಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಮನೆ, ತೋಟ, ರಸ್ತೆ ಕೊಚ್ಚಿಹೋದವು. ಅಂಥ ದುಃಖದಲ್ಲಿ ಹಬ್ಬ ಹೇಗೆ ಮಾಡುವುದೆಂದು ಮರುವರ್ಷ ಪಂದ್ಯ ನಿಂತಿತು. ಆಮೇಲೆ ಕೋವಿಡ್ ಬಂತು. ಕುಟ್ಟಪ್ಪನವರು ಕಣ್ಣು ಮುಚ್ಚಿದ 2020ರಲ್ಲಿ ಕೊಡಗಿನ ಮೈದಾನಗಳು ಖಾಲಿ ಇದ್ದವು. ಎರಡು ದಶಕಗಳ ಕಾಲ ಸಾವಿರಾರು ಜನರನ್ನು ಒಂದೆಡೆ ಸೇರಿಸಿದ ಮನುಷ್ಯ ಹೋದದ್ದು ಜನ ಸೇರಬಾರದೆಂದು ದೇಶವೇ ಬಾಗಿಲು ಹಾಕಿಕೊಂಡ ವರ್ಷದಲ್ಲಿ.

ಹಚ್ಚಿದವರೇ ಹೋದ ಮೇಲೆ, ಅದೂ ನಾಲ್ಕು ವರ್ಷ ತಪ್ಪಿದ ಮೇಲೆ, ಇಂಥ ಪದ್ಧತಿ ಮತ್ತೆ ಏಳುವುದು ಅಪರೂಪ. ನಮ್ಮ ಕಡೆ ಎಷ್ಟೋ ಪಂದ್ಯಾವಳಿಗಳು ಒಂದು ವರ್ಷ ತಪ್ಪಿದ್ದೇ ಹೆಸರಿಲ್ಲದಂತಾಗಿವೆ. 2023ರಲ್ಲಿ ಅಪ್ಪಚೆಟ್ಟೋಳಂಡ ಕುಟುಂಬ ನಾಪೋಕ್ಲುವಿನಲ್ಲಿ ಮತ್ತೆ ಮೈದಾನಕ್ಕೆ ಗೆರೆ ಎಳೆದಾಗ 336 ಕುಟುಂಬಗಳು ಹೆಸರು ಕೊಟ್ಟವು. 2024ರ ಕುಂಡ್ಯೋಳಂಡ ಕಪ್‌ಗೆ 360 ಕುಟುಂಬಗಳು ಬಂದವು, ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯಲ್ಲಿ ನಡೆದ ಮುದ್ದಂಡ ಕಪ್‌ನಲ್ಲಿ 396 ಕುಟುಂಬಗಳು. ಅಷ್ಟು ಕುಟುಂಬಗಳ ಪೈಕಿ ಒಂದು ಗೆಲ್ಲಬೇಕಾದರೆ 395 ಕುಟುಂಬಗಳು ಸೋಲಬೇಕು. ಕರಡದ ಆ ಮೊದಲ 60 ತಂಡಗಳಲ್ಲಿ ಆಡಿದ ಹುಡುಗರಿಗೆ ಈಗ ನಡುವಯಸ್ಸು, ಅವರ ಮಕ್ಕಳ ಕೈಯಲ್ಲಿ ಸ್ಟಿಕ್ ಇದೆ.